ಟ್ರ್ಯಾಕ್ಟರಿನ ಹಿಂದೆ ಬಂದ ಮದುವೆ ಗಾದಿ

ಶಹಾಪುರದ ಲಾಡ್ಲೇಸಾಬನಿಗೆ ಇಬ್ಬರು ಮಕ್ಕಳು. ಹತ್ತೊಂಬತ್ತರ ಅಬ್ರಾರ, ಈಗಷ್ಟೇ ಹದಿನೆಂಟು ತುಂಬಿದ ಫರ್ಹೀನ್. ಹತ್ತಿ ಹಿಂಜಿ, ತುಂಬಿ, ಗಾದಿ ಹೊಲಿಯುವುದು ಲಾಡ್ಲೇಸಾಬನ ಮನೆತನದ ಕಸುಬು. ಸ್ಪಂಜಿನ ಹಾಸಿಗೆ ಬಂದು ಎಷ್ಟೋ ಅಂಗಡಿಗಳು ಮುಚ್ಚಿದರೂ ಸುತ್ತಲಿನ ಊರುಗಳಲ್ಲಿ ಮದುವೆಗೆ ಮಾತ್ರ ಹತ್ತಿಯ ಗಾದಿಯೇ ಬೇಕು. ಹಾಗಾಗಿ ಮದುವೆಯ ತಿಂಗಳುಗಳಲ್ಲಿ ಅವನ ಮನೆಯವರೆಲ್ಲರ ತಲೆ, ಹುಬ್ಬು, ಮೀಸೆಯ ಮೇಲೆ ಹತ್ತಿಯ ಎಳೆಗಳು ಕೂತಿರುತ್ತಿದ್ದವು.

ಅಂಗಡಿಗೆ ಒಂದು ಹಳೆಯ ವ್ಯಾನು ಇತ್ತು. ಅದನ್ನು ಓಡಿಸುವ ಲೈಸೆನ್ಸಿಗಾಗಿ ಅಣ್ಣ ತಂಗಿ ಇಬ್ಬರೂ ಯಾದಗಿರಿಗೆ ಹೋಗಿ ಪರೀಕ್ಷೆ ಕೊಟ್ಟಿದ್ದರು. ಫರ್ಹೀನ್ ಮೊದಲ ಸಲಕ್ಕೇ ಪಾಸಾಗಿ ಬಂದಳು. ಅಬ್ರಾರ ಮೊದಲ ಸಲ ಕಂಬಕ್ಕೆ ತಾಗಿಸಿದ. ಎರಡನೆಯ ಸಲ, ಹಿಂದಕ್ಕೆ ತಗೊ ಎಂದು ಇನ್ಸ್‌ಪೆಕ್ಟರರು ಹೇಳಿದರೆ ಮುಂದಕ್ಕೆ ಹೋಗಿ ಅವರ ಕುರ್ಚಿಯ ಹತ್ತಿರ ನಿಲ್ಲಿಸಿದ. ಮನೆಗೆ ಬಂದು, "ಅವರಿಗಿ ನನ್ನ ಮುಖಾನೇ ಸೇರಿಲ್ಲ" ಎಂದಷ್ಟೇ ಹೇಳಿದ. ತಾಯಿ ಮೌಲಾಬಿ ನಂಬಿದಳು. ಬೇರೆ ಯಾರೂ ನಂಬಲಿಲ್ಲ.

ಆ ಜನವರಿಯಲ್ಲಿ ಸುರಪುರದ ರಂಗಂಪೇಟೆಯಿಂದ ಗೊಲ್ಲಾಳಮ್ಮ ಎಂಬಾಕೆ ಮಗಳ ಮದುವೆಗೆ ಗಾದಿ, ದಿಂಬು, ರಜಾಯಿ ಹೇಳಿ ಹೋಗಿದ್ದಳು. ಎಲ್ಲ ತಯಾರಾಗಿ, ಮುಟ್ಟಿಸುವ ದಿನ ಬಂದಾಗ ಲಾಡ್ಲೇಸಾಬನ ಸೊಂಟ ಹಿಡಿದುಕೊಂಡಿತು. ಎದ್ದರೆ ಕೂರಲಾಗದು, ಕೂತರೆ ಏಳಲಾಗದು. ಮಧ್ಯಾಹ್ನ ಊಟವಾದ ಮೇಲೆ ಅವನು ಕೀಲಿಯನ್ನು ಫರ್ಹೀನಳ ಕೈಗೆ ಕೊಟ್ಟ.

"ಸಾವಕಾಶ ಹೋಗು, ಬೇಟಾ. ಅಬ್ರಾರ ಜೋಡಿ ಬರ್ತಾನ, ಸಾಮಾನು ಇಳಸಾಕ."

"ಸಾಮಾನು ಇಳಸಾಕ" ಎಂಬ ಮಾತು ಅಬ್ರಾರನಿಗೆ ಚುಚ್ಚಿತು.

"ನೀರು ಹಾಕಿದಿಯೇನು ಗಾಡಿಗಿ?" ಎಂದು ಅಪ್ಪ ಅವನನ್ನು ಕೇಳಿದ.

"ಹಾಕೇನಿ ಅಬ್ಬಾ. ಪೂರಾ ತುಂಬಿಸೇನಿ."

ವ್ಯಾನಿನ ಹಿಂದೆ ಗಾದಿಗಳನ್ನು ಎಷ್ಟು ಒತ್ತಿ ತುಂಬಿದ್ದರೆಂದರೆ, ನಡುವಿನ ಕನ್ನಡಿಯಲ್ಲಿ ಫರ್ಹೀನಳಿಗೆ ಕಾಣುತ್ತಿದ್ದದ್ದು ಕೆಂಪು ಬಟ್ಟೆಯ ಮೇಲಿನ ದೊಡ್ಡ ದೊಡ್ಡ ಹಳದಿ ಹೂಗಳು ಮಾತ್ರ. ಒಳಗೆ ಹಿಡಿಯದ್ದನ್ನು ಮೇಲೆ ಹೇರಿ, ಹಗ್ಗ ಬಿಗಿದು, ಪ್ಲಾಸ್ಟಿಕ್ ಹೊದಿಸಿದ್ದರು. ದೂರದಿಂದ ನೋಡಿದರೆ ವ್ಯಾನು ಮುಂಡಾಸು ಸುತ್ತಿಕೊಂಡು ಮದುವೆಗೆ ಹೊರಟ ಹಾಗಿತ್ತು.

ಶಹಾಪುರ ಬಿಡುವ ಮೊದಲೇ ಅಬ್ರಾರ ಶುರು ಮಾಡಿದ. ಗೇರು ಬದಲಿಸು. ಹಾರ್ನ್ ಹೊಡಿ. ಎಡಕ್ಕ ತಗೊ. ಮುಂದ ಎಮ್ಮಿ ಅದ. ಎಮ್ಮೆ ಇದ್ದದ್ದು ಹೊಲದಲ್ಲಿ, ರಸ್ತೆಯಿಂದ ಎಷ್ಟೋ ದೂರ.

"ಅದು ನನ್ನ ಕಡಿ ನೋಡ್ತಾನೂ ಇಲ್ಲ ಭಾಯಿ" ಎಂದಳು ಫರ್ಹೀನ್.

"ಎಮ್ಮಿ ಮನಸ್ಸು ಯಾವಾಗ ಬದಲಾಗ್ತದಂತ ಯಾರಿಗಿ ಗೊತ್ತು?"

ಹತ್ತಿಗೂಡೂರು ಕ್ರಾಸ್ ಬರುವ ಹೊತ್ತಿಗೆ ಅವಳು ಅವನ ಮಾತಿಗೆ ಕಿವಿ ಕೊಡುವುದನ್ನೇ ಬಿಟ್ಟಿದ್ದಳು. ಎಡಬಲಕ್ಕೆ ಕಾಲುವೆ ನೀರಿನ ಹಸಿರು ಗದ್ದೆಗಳು, ನಡುನಡುವೆ ಕೆಂಪಗೆ ಹಣ್ಣಾದ ಮೆಣಸಿನಕಾಯಿ ಹೊಲಗಳು. ರಸ್ತೆ ಖಾಲಿ ಇತ್ತು. ಸ್ಟೀರಿಂಗು ಹಗುರಾಗಿ ಕೈಯೊಳಗೆ ಆಡುತ್ತಿತ್ತು. ಹೀಗೇ ಹೈದರಾಬಾದಿನವರೆಗೂ ಹೋಗಬಹುದು ಎನ್ನಿಸಿತು ಅವಳಿಗೆ.

"ಸೀಟು ಬಿಸಿ ಆಗಾಕತ್ತಾದ" ಎಂದ ಅಬ್ರಾರ.

"ಬಿಸಲು ಬಿದ್ದಾದ."

"ಬಿಸಲು ನಿನ್ನ ಕಡಿ ಅದ. ನನ್ನ ಕಡಿ ನೆರಳು ಅದ."

"ಹಂಗಾದ್ರ ನಿನ್ನ ಹೊಟ್ಟಿ ಉರಿ ಕೆಳಗ ಇಳದಾದ."

ಅಬ್ರಾರ ಒಮ್ಮೆ ಎಡಕ್ಕೆ ವಾಲಿ ಕೂತ, ಒಮ್ಮೆ ಬಲಕ್ಕೆ ವಾಲಿ ಕೂತ. ಆಮೇಲೆ ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟು ಅರ್ಧ ಎದ್ದು ನಿಂತ. "ಫರ್ಹೀನ್, ಖರೇನೇ ಹೇಳಾಕತ್ತೇನಿ. ಸುಡಾಕತ್ತಾದ."

"ನಿಂತೇ ಬಾ. ಸುರಪುರ ಇಲ್ಲೇ ಅದ."

ಆ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಇದು ಅವಳಿಗೆ ಗೊತ್ತಿರದ ವಿಷಯವಲ್ಲ. ಆದರೆ ದಾರಿಯುದ್ದಕ್ಕೂ ಇಲ್ಲದ ಎಮ್ಮೆ, ಇಲ್ಲದ ಗುಂಡಿ ತೋರಿಸಿದವನ ಮಾತು ಈಗ ನಿಜ ಇರಬಹುದು ಎಂದು ಅವಳಿಗೆ ಹೊಳೆಯಲಿಲ್ಲ. ಕಾಲುವೆಯ ಸೇತುವೆ ದಾಟುತ್ತಿದ್ದಂತೆ ಸೀಟಿನ ಸಂದಿಯಿಂದ ಬುಸ್ಸೆಂದು ಬಿಳಿ ಹಬೆ ಎದ್ದಿತು.

ಫರ್ಹೀನ್ ಹೆದರಿದಳು. ಆದರೂ ಕೈ ತಪ್ಪಲಿಲ್ಲ. ವೇಗ ಇಳಿಸಿ, ರಸ್ತೆ ಬಿಟ್ಟು, ಜಾಲಿ ಗಿಡದ ಪಕ್ಕ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದಳು. ಪಕ್ಕಕ್ಕೆ ತಿರುಗಿ ನೋಡಿದರೆ ಅಬ್ರಾರ ಇಲ್ಲ. ಗಾಡಿ ನಿಂತ ಕೂಡಲೇ ಹಾರಿ, ತಗ್ಗು ದಾಟಿ, ಮೆಣಸಿನಕಾಯಿ ಹೊಲದ ನಡುವೆ ನಿಂತು ಕೂಗುತ್ತಿದ್ದ. "ಇಳಿ! ಇಳಿ! ಬೆಂಕಿ ಹತ್ತತಾದ!"

"ಅದು ಬೆಂಕಿ ಅಲ್ಲ, ಹಬಿ. ಹೊರಗ ಬಾ, ಯಾರದೋ ಮೆಣಸಿನಕಾಯಿ ತುಳಿಬ್ಯಾಡ."

ಅಬ್ರಾರ ಗತ್ತಿನಿಂದ ನಡೆದು ಬರಲು ಪ್ರಯತ್ನಿಸಿದ. ಮೊಣಕಾಲವರೆಗೆ ಕೆಸರಾಗಿದ್ದರಿಂದ ಅದು ಕಷ್ಟವಾಯಿತು.

ಹಬೆ ತಣ್ಣಗಾಗುವವರೆಗೆ ಇಬ್ಬರೂ ಜಾಲಿಯ ನೆರಳಲ್ಲಿ ಕುಳಿತರು. ಆಮೇಲೆ ಸೀಟು ಎತ್ತಿ ನೋಡಿದರು. ಮುಂದಿನ ಮುಚ್ಚಳವನ್ನೂ ತೆಗೆದರು. ಫರ್ಹೀನ್ ಕೇಳಿದಳು, "ನೀರು ಎಲ್ಲಿ ಹಾಕಿದ್ದಿ?"

"ಇಗಾ, ಇದರಾಗ. ನೋಡು, ಇನ್ನೂ ತುಂಬಿ ಅದ. ನಂದೇನೂ ತಪ್ಪಿಲ್ಲ."

ಅವನು ತೋರಿಸಿದ ಡಬ್ಬಿ ನೋಡಿ ಫರ್ಹೀನ್ ವ್ಯಾನಿನ ಬಾಗಿಲ ಕಡೆ ಹೋದಳು. ಒಳಗೆ ಕೈ ಹಾಕಿ, ಕೀಲಿ ತಿರುಗಿಸಿ ಒಂದು ಗುಂಡಿ ಒತ್ತಿದಳು. ಮುಂದಿನ ಗಾಜಿನ ಮೇಲೆ ಚಿಲ್ಲೆಂದು ನೀರು ಹಾರಿತು. ವೈಪರ್ ಎರಡೂ ಎದ್ದು ಅತ್ತಿತ್ತ ಆಡಿ ಗಾಜನ್ನು ಚೊಕ್ಕ ಮಾಡಿದವು.

"ಗಾಜು ತೊಳಿಯೋ ಡಬ್ಬಿ" ಎಂದ ಅಬ್ರಾರ, ಮೆಲ್ಲಗೆ.

"ಹೌದು. ಸುರಪುರ ತನಕ ಗಾಜು ತೊಳಕೊಂತ ಹೋಗಬಹುದು."

"ಸೀಟು ಬಿಸಿ ಆಗ್ಯಾದಂತ ನಾ ಹೇಳಿದ್ದಿಲ್ಲೇನು ಮತ್ತ? ಆವಾಗೇ ನಿಂದ್ರಿಸಿದ್ರ?"

ಫರ್ಹೀನ್ ವೈಪರ್ ಬಂದ್ ಮಾಡಿದಳು.

ಅಪ್ಪನಿಗೆ ಫೋನು ಮಾಡೋಣ ಎಂದ ಅಬ್ರಾರ. ಫರ್ಹೀನ್ ಒಪ್ಪಲಿಲ್ಲ. ಅಬ್ಬಾಗೆ ಸೊಂಟ ಹಿಡಿದಿದೆ, ಕೇಳಿದರೆ ಎದ್ದು ಬರಲು ನೋಡುತ್ತಾರೆ ಎಂದಳು. ಅದು ನಿಜವೇ. ಆದರೆ ಇನ್ನೊಂದು ನಿಜವನ್ನು ಅವಳು ಹೇಳಲಿಲ್ಲ. ಒಬ್ಬಳೇ ಜವಾಬ್ದಾರಿ ಹೊತ್ತು ಓಡಿಸಿದ ಮೊದಲ ದಿನವೇ ಗಾಡಿ ಕೆಟ್ಟು ನಿಂತಿತೆಂದರೆ ಕೀಲಿ ಮತ್ತೆ ಅವಳ ಕೈಗೆ ಬರುವುದು ಯಾವಾಗಲೋ.

ಅಷ್ಟರಲ್ಲಿ ಸುರಪುರದ ಕಡೆಯಿಂದ ಒಂದು ಬೈಕು ಬಂದು ನಿಂತಿತು. ಅದರ ಮೇಲೆ ಇದ್ದವನು ಶಹಾಪುರದ ಅಯಾಜ್. ಅಪ್ಪನ ಅಂಗಡಿಯ ಎದುರೇ ಮೊಬೈಲ್ ರಿಪೇರಿ ಮಾಡುವವನು.

"ಅರೇ, ಲಾಡ್ಲೇ ಚಾಚಾನ ಮಕ್ಕಳಲ್ಲೇನು? ಏನಾಯ್ತು? ಎಲ್ಲಿಗಿ ಹೊಂಟಿದ್ರಿ? ಯಾರ ಮದುವಿ? ಗಂಡು ಎಲ್ಲಿಯವ? ಚಾಚಾನ ಸೊಂಟ ಹ್ಯಾಂಗದ?"

ಎಲ್ಲ ಪ್ರಶ್ನೆಗಳಿಗೂ ಉತ್ತರ ಪಡೆದ ಮೇಲೆ ಅಯಾಜ್ ಬೈಕಿನಿಂದ ಇಳಿಯದೆಯೇ ಬಗ್ಗಿ ನೋಡಿದ. "ಎಂಜಿನ್ ಸುಟ್ಟಾದ" ಎಂದು ತೀರ್ಪು ಕೊಟ್ಟ. ಮೊಬೈಲ್ ತೆಗೆದು ವ್ಯಾನಿನ ಫೋಟೋ ಹೊಡೆದುಕೊಂಡ. "ನನಗ ಸ್ವಲ್ಪ ಜಲ್ದಿ ಅದ, ಇಲ್ಲಾಂದ್ರ ನಿಂದ್ರತಿದ್ದೆ. ಫಿಕರ್ ಮಾಡಬ್ಯಾಡ್ರಿ" ಎಂದು ಹೇಳಿ ಹೊರಟುಹೋದ.

"ಇವ ಯಾಕ ನಿಂತಿದ್ದ?" ಎಂದಳು ಫರ್ಹೀನ್.

"ಫೋಟೋಕ್ಕ."

ನಗು ಬಂತು. ನಕ್ಕ ಮೇಲೆ ಜಗಳ ಮುಂದುವರಿಸುವುದು ಕಷ್ಟವಾಯಿತು. ಅಬ್ರಾರ ಬಾಟಲಿ ಹಿಡಿದು ಕಾಲುವೆಗೆ ಇಳಿದು ನೀರು ತಂದ. ಈ ಸಲ ಸರಿಯಾದ ಜಾಗಕ್ಕೇ ಹಾಕಿದರು. ಮೇಲೆ ಹಾಕಿದ ನೀರು ಕೆಳಗಿನಿಂದ ಸುರಿದು ಹೋಯಿತು. ಬಗ್ಗಿ ಹುಡುಕಿದಾಗ ಒಂದು ರಬ್ಬರ್ ಪೈಪು ಉದ್ದಕ್ಕೆ ಸೀಳಿದ್ದು ಕಂಡಿತು.

"ಅಂದ್ರ ನಾ ಎಲ್ಲಿ ನೀರು ಹಾಕಿದ್ರೂ ಇದು ಆಗೋದೇ ಇತ್ತು" ಎಂದ ಅಬ್ರಾರ. ಅವನ ಮುಖ ಅರಳಿತು.

ಅದೇ ಉತ್ಸಾಹದಲ್ಲಿ ಗಾದಿ ಹೊಲಿಯುವ ದಪ್ಪ ದಾರದ ಉಂಡೆ ತೆಗೆದ. ಹಳೆಯ ರಬ್ಬರ್ ತುಂಡೊಂದನ್ನು ಸೀಳಿನ ಮೇಲಿಟ್ಟು, ದಾರ ಸುತ್ತಿ, ಸುತ್ತಿಗೊಂದು ಗಂಟು ಹಾಕಿ ಬಿಗಿದ. ಚಿಕ್ಕಂದಿನಿಂದ ಗಾದಿ ಹೊಲಿದ ಕೈ ಅದು. ಗಂಟುಗಳು ಒಂದೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂತವು. ಫರ್ಹೀನಳಿಗೂ ಭರವಸೆ ಬಂತು. ನೀರು ಹಾಕಿದರು. ನಿಂತಿತು. ಎಂಜಿನ್ ಚಾಲೂ ಮಾಡಿದಳು. ಅಬ್ರಾರ ತನ್ನ ಕೆಲಸವನ್ನು ಹತ್ತಿರದಿಂದ ಮೆಚ್ಚಿಕೊಳ್ಳಲು ಬಗ್ಗಿದ. ಆಗಲೇ ಪೈಪು ಸಿಡಿದು, ಕಾಲುವೆಯ ತಣ್ಣನೆಯ ನೀರೆಲ್ಲ ಅವನ ಮುಖಕ್ಕೆ ಚಿಮ್ಮಿತು.

ಅವನು ಮುಖ ಒರೆಸಿಕೊಳ್ಳುವಾಗ ಫೋನು ರಿಂಗಾಯಿತು. ಮದುವೆಮನೆಯ ಗೊಲ್ಲಾಳಮ್ಮ. "ಎಲ್ಲದೀರಪ್ಪಾ? ಹೊತ್ತು ಮುಳಗೋದ್ರಾಗ ಬೀಗರು ಬರ್ತಾರ. ಅವರನ್ನ ನೆಲದ ಮ್ಯಾಲ ಕೂಡಸಲೇನು?"

"ಬಂದೇ ಬಿಟ್ವಿರಿ ಅಮ್ಮಾ. ಸುರಪುರದ ಗುಡ್ಡ ಕಾಣಾಕತ್ತಾವ" ಎಂದ ಅಬ್ರಾರ.

ಫರ್ಹೀನ್ ಸುತ್ತ ನೋಡಿದಳು. ಕಾಲುವೆ, ಜಾಲಿ, ಮೆಣಸಿನಕಾಯಿ. ಗುಡ್ಡ ಎಲ್ಲೂ ಇರಲಿಲ್ಲ.

ಬಿಸಿಲು ಇಳಿಯತೊಡಗಿತ್ತು. ಒಂದು ಬಸ್ಸು ನಿಲ್ಲದೆ ಹೋಯಿತು. ಎರಡು ಲಾರಿಗಳು ಧೂಳು ಕೊಟ್ಟು ಹೋದವು. ಇನ್ನೇನು ಅಪ್ಪನಿಗೆ ಫೋನು ಹಚ್ಚಲೇಬೇಕು ಎನ್ನುವಾಗ ಹಿಂದಿನಿಂದ ಒಂದು ಟ್ರ್ಯಾಕ್ಟರು ಬಂತು. ಟ್ರಾಲಿಯ ತುಂಬ ಹೆಣ್ಣುಮಕ್ಕಳು. ಮೆಣಸಿನಕಾಯಿ ಬಿಡಿಸಿ ಸುರಪುರದಾಚೆಯ ತಮ್ಮೂರು ಬೋನಾಳಕ್ಕೆ ಮರಳುತ್ತಿದ್ದವರು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ತಲೆಗೆ ಟವೆಲ್ಲು ಕಟ್ಟಿದ್ದರು. ವ್ಯಾನು ಕಾಣುತ್ತಲೇ ಒಬ್ಬ ಮುದುಕಿ ಊಟದ ಡಬ್ಬಿಯಿಂದ ಟ್ರಾಲಿಯ ಕಬ್ಬಿಣ ಬಡಿದು, "ಶಾಂತಕುಮಾರಾ, ನಿಂದ್ರಸೋ!" ಎಂದು ಕೂಗಿದಳು.

ಟ್ರ್ಯಾಕ್ಟರ್ ನಡೆಸುತ್ತಿದ್ದ ಶಾಂತಕುಮಾರ ನಿಲ್ಲಿಸಿದ. ಮುದುಕಿ ಮೇಲಿನಿಂದಲೇ ಇಬ್ಬರನ್ನೂ, ಗಾದಿಗಳನ್ನೂ ನೋಡಿದಳು. ಅವಳ ಹೆಸರು ಹನುಮಮ್ಮ.

"ಏನವ್ವಾ, ಓಡಿ ಹೊಂಟೀರೇನು ಇಬ್ಬರೂ?"

ಫರ್ಹೀನಳ ಮುಖ ಕೆಂಪಾಯಿತು. ಅಬ್ರಾರ ಗಾಬರಿಯಿಂದ ಎರಡೂ ಕೈ ಎತ್ತಿದ. "ಇಲ್ರಿ ಆಯಿ! ತಂಗಿರಿ! ನನ್ನ ಸ್ವಂತ ತಂಗಿ!"

"ನನಗೂ ಅನುಮಾನ ಬಂತು ಬಿಡಪಾ. ಗಾದಿ, ತಲಿದಿಂಬು ಕಟಗೊಂಡು ಓಡಿ ಹೋಗೋರನ್ನ ನಾನೂ ನೋಡಿಲ್ಲ."

ಟ್ರಾಲಿಯ ತುಂಬ ನಗು ಎದ್ದಿತು. ಶಾಂತಕುಮಾರ ಇಳಿದು ಪೈಪು ನೋಡಿದ. ಅಬ್ರಾರನ ಗಂಟುಗಳನ್ನೂ ನೋಡಿದ. "ಹೊಲಿಗಿ ಚಂದ ಅದ. ಆದ್ರ ಇದು ಗಾದಿ ಅಲ್ಲಪಾ ತಮ್ಮಾ" ಎಂದ. ಇಲ್ಲಿ ಏನೂ ಆಗುವ ಹಾಗಿಲ್ಲ, ರಂಗಂಪೇಟೆ ತನಕ ಎಳೆದುಕೊಂಡು ಹೋಗುತ್ತೇನೆ, ಹೇಗೂ ನಮ್ಮ ದಾರಿ ಎಂದು ಹಗ್ಗ ತೆಗೆದ. ಆಮೇಲೆ ಅಬ್ರಾರನ ಕಡೆ ತಿರುಗಿ, "ನೀ ಸ್ಟೇರಿಂಗ ಹಿಡಿ. ಹಗ್ಗ ಸಡಲ ಬಿಡಬ್ಯಾಡ, ನಾ ನಿಂತ್ರ ನೀನೂ ನಿಂದ್ರಬೇಕು" ಎಂದ.

ಅಬ್ರಾರ ವ್ಯಾನಿನ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಹೂಂ ಎಂದುಬಿಟ್ಟಿದ್ದರೆ ಅಲ್ಲಿ ಯಾರೂ ಲೈಸೆನ್ಸು ಕೇಳುತ್ತಿರಲಿಲ್ಲ.

"ನಾ ಅಲ್ಲಣ್ಣಾ" ಎಂದ ಅವನು. "ಗಾಡಿ ಹೊಡೆಯಾಕಿ ಆಕಿ. ನಾ ಸಾಮಾನು ಇಳಸಾಕ ಬಂದೀನಿ."

ಟ್ರಾಲಿಯಲ್ಲಿ ಗುಸುಗುಸು ಎದ್ದಿತು. ಫರ್ಹೀನಳ ವಯಸ್ಸಿನವಳೇ ಆದ ಭಾಗ್ಯ ಎಂಬ ಹುಡುಗಿ ಎದ್ದು ನಿಂತು ನೋಡಿದಳು. "ಏ, ಹುಡುಗಿ ಹೊಡಿತಾಳಂತ ನೋಡ್ರೇ!"

ಹನುಮಮ್ಮ ಟ್ರಾಲಿಯಿಂದ ಇಳಿಯಲು ಶುರು ಮಾಡಿದಳು. ನನ್ನ ಮೊಣಕಾಲು ಟ್ರಾಲಿಯ ಕುಲುಕಾಟ ತಾಳುವುದಿಲ್ಲ, ನಾನು ವ್ಯಾನಿನಲ್ಲೇ ಕೂರುತ್ತೇನೆ, ಆ ಹುಡುಗ ನನ್ನ ಜಾಗಕ್ಕೆ ಹೋಗಲಿ ಎಂದಳು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅಬ್ರಾರ ಟ್ರಾಲಿ ಹತ್ತಿದ. ಹೆಣ್ಣುಮಕ್ಕಳು ನಗುತ್ತ ಸರಿದು ನಟ್ಟನಡುವೆ ಜಾಗ ಮಾಡಿಕೊಟ್ಟರು.

ಹಗ್ಗ ಬಿಗಿಯಾಯಿತು. ವ್ಯಾನು ಒಮ್ಮೆ ಮುಗ್ಗರಿಸಿ, ಮೆಲ್ಲಗೆ ಉರುಳತೊಡಗಿತು.

ಎಂಜಿನ್ ಸದ್ದಿಲ್ಲದ ಗಾಡಿಯನ್ನು ಫರ್ಹೀನ್ ಎಂದೂ ನಡೆಸಿರಲಿಲ್ಲ. ಸ್ಟೀರಿಂಗು ಕಲ್ಲಿನಂತೆ ಬಿಗಿಯಾಗಿತ್ತು. ಕಾಲು ಬ್ರೇಕಿನ ಮೇಲೇ ಇತ್ತು. ಅದಕ್ಕಿಂತ ಕಷ್ಟವೆಂದರೆ ಎದುರಿಗಿನ ಟ್ರಾಲಿ. ಹೆಣ್ಣುಮಕ್ಕಳೆಲ್ಲ ಹಿಂದಕ್ಕೆ ಮುಖ ಮಾಡಿ ಕೂತು ಅವಳನ್ನೇ ನೋಡುತ್ತಿದ್ದರು. ಒಬ್ಬಳು ಎಡಕ್ಕೆ ಬಾ ಎಂದು ಕೈ ಮಾಡಿದರೆ ಇನ್ನೊಬ್ಬಳು ಬಲಕ್ಕೆ ಎಂದಳು. ಭಾಗ್ಯ ಗಾಳಿಯಲ್ಲೇ ಸ್ಟೀರಿಂಗು ತಿರುಗಿಸಿ ತೋರಿಸಿದಳು. ನಡುವೆ ಅಬ್ರಾರ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಅವರು ಏನೋ ಕೇಳುತ್ತಿದ್ದರು, ಅವನು ತಲೆ ತಗ್ಗಿಸುತ್ತಿದ್ದ, ಅವರು ನಗುತ್ತಿದ್ದರು. ಏನು ಕೇಳುತ್ತಿದ್ದಾರೆಂದು ಫರ್ಹೀನಳಿಗೆ ಕೇಳಿಸುತ್ತಿರಲಿಲ್ಲ. ಊಹಿಸುವುದು ಕಷ್ಟವಿರಲಿಲ್ಲ.

ಹನುಮಮ್ಮ ಎರಡೂ ಕೈಯಿಂದ ಬಾಗಿಲ ಹಿಡಿಕೆ ಹಿಡಿದು ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಒಂದು ಕೈ ಬಿಟ್ಟಳು. "ಮುಂದಿನ ಸೀಟಿನ್ಯಾಗ ಇದೇ ಮೊದ್ಲು ಕೂತೀನಿ ನೋಡವ್ವಾ. ಎಲ್ಲಾ ಮೈಮ್ಯಾಲೇ ಬಂದಂಗ ಆಗ್ತದ."

"ಹೆದರಬ್ಯಾಡ್ರಿ ಆಯಿ."

"ನಾ ಹೆದರಿಲ್ಲ. ನೀ ಹೆದರೀದಿ. ಕೈ ನೋಡು, ಹ್ಯಾಂಗ ಬಿಗದೀದಿ." ಆಮೇಲೆ ಕೇಳಿದಳು, "ಗಾಡಿ ಯಾರು ಕಲಿಸಿದ್ರು? ನಿಮ್ಮಪ್ಪನೇನು?"

ಫರ್ಹೀನ್ ಹಗ್ಗದ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು. ಅಬ್ಬಾ ಕಲಿಸಲು ಹೋಗಿದ್ದರು, ಮೊದಲ ದಿನವೇ ಕೂಗಾಡಿದರು, ನಾನು ಅತ್ತುಕೊಂಡು ಇಳಿದು ಬಂದೆ. ಆಮೇಲೆ ದಿನಾ ಬೆಳಿಗ್ಗೆ ಅಪ್ಪ ಏಳುವ ಮೊದಲು ಅಣ್ಣ ಎಬ್ಬಿಸಿ ಭೀಮರಾಯನಗುಡಿಗೆ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿನ ನೀರಾವರಿ ಕ್ಯಾಂಪಿನ ರಸ್ತೆಗಳು ಅಗಲ, ಆ ಹೊತ್ತಿಗೆ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ. ಅಲ್ಲಿ ಕಲಿತೆ.

"ಅವನೇನು? ಆ ಟ್ರಾಲಿಯಾಗ ಕೂತವ?"

"ಹೌದ್ರಿ. ಕಲಿಸುವಾಗ ಒಂದಿನಾನೂ ಬೈದಿಲ್ಲ. ಗಾಡಿ ಗೋಡಿಗಿ ತಾಗಿಸಿದೆ ಒಮ್ಮಿ. ಅಬ್ಬಾಗ ತಾನೇ ತಾಗಿಸೇನಂತ ಹೇಳಿದ."

"ಮತ್ತ ಅವನಿಗಿ ಲೈಸೆನ್ಸ ಇಲ್ಲೇನು?"

"ಎರಡ ಸಲ ಫೇಲ್ ಆಗ್ಯಾನ್ರಿ. ಹೊಡಿಲಿಕ್ಕಿ ಚಂದ ಹೊಡಿತಾನ. ಯಾರರ ನೋಡಾಕತ್ರ ಕೈ ನಡಗ್ತಾವ."

ಹನುಮಮ್ಮ ನಕ್ಕಳು. ಅವಳ ನಗು ಕೆಮ್ಮಿನಲ್ಲಿ ಮುಗಿಯಿತು. "ಮಾಸ್ತರ ಫೇಲು, ಹುಡುಗಿ ಪಾಸು! ಚಂದ ಆತು. ನೀನೇ ನನಗ ಕಲಿಸಿದಿ ಅಂತ ಅವನಿಗಿ ಎಂದರ ಹೇಳಿಯೇನು?"

"ಅವನಿಗಿ ಗೊತ್ತದಲ್ರಿ."

"ಗೊತ್ತಿರ್ತದ. ಹೇಳಿಯೇನಂತ ಕೇಳಿದೆ."

ಫರ್ಹೀನ್ ಉತ್ತರ ಕೊಡುವ ಮೊದಲೇ ಎಡಗಡೆಯ ಹೊಲದಿಂದ ಕುರಿಯೊಂದು ರಸ್ತೆಗೆ ಹಾರಿತು. ಅದರ ಹಿಂದೆ ಇಡೀ ಹಿಂಡು. ಶಾಂತಕುಮಾರ ಗಕ್ಕನೆ ನಿಲ್ಲಿಸಿದ. ಹಗ್ಗ ಸಡಿಲಾಗಿ ನೆಲಕ್ಕೆ ಬಿತ್ತು. ಟ್ರಾಲಿಯ ಕಬ್ಬಿಣ ಎದುರಿಗೇ ಬೆಳೆಯುತ್ತ ಬಂತು. ಟ್ರಾಲಿಯಲ್ಲಿದ್ದವರೆಲ್ಲ ಕಾಲು ಮೇಲೆತ್ತಿ ಚೀರಿದರು. ಫರ್ಹೀನ್ ಬ್ರೇಕಿನ ಮೇಲೆ ಎದ್ದೇ ನಿಂತಳು. ಹಿಂದಿನ ಗಾದಿಗಳೆಲ್ಲ ಒಮ್ಮೆಗೆ ಮುಂದಕ್ಕೆ ಬಂದು ಅವಳ ಬೆನ್ನಿಗೆ ಮೆತ್ತಗೆ ಒತ್ತಿದವು. ವ್ಯಾನು ನಿಂತಿತು. ಟ್ರಾಲಿಗೂ ವ್ಯಾನಿಗೂ ನಡುವೆ ಒಂದು ಕುರಿ ಆರಾಮವಾಗಿ ದಾಟಿ ಹೋಗುವಷ್ಟು ಜಾಗ ಉಳಿದಿತ್ತು. ಒಂದು ಕುರಿ ದಾಟಿಯೂ ಹೋಯಿತು.

ಮೊದಲು ಎದ್ದು ನಿಂತವನು ಅಬ್ರಾರ. ತಲೆಯ ಮೇಲೆ ಕೈ ಎತ್ತಿ ಚಪ್ಪಾಳೆ ಹೊಡೆದ. ಭಾಗ್ಯ ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹಾಕಿದಳು. ಆಮೇಲೆ ಟ್ರಾಲಿ ಪೂರ್ತಿ ಗದ್ದಲ. ಹನುಮಮ್ಮ ಮಾತ್ರ ದಿಂಬಿನ ರಾಶಿಯ ಅಡಿಯಿಂದ, "ಯವ್ವಾ, ನನ್ನ ಮ್ಯಾಲಿಂದ ಇದನ್ನ ತೆಗಿ" ಎನ್ನುತ್ತಿದ್ದಳು.

ರಂಗಂಪೇಟೆಯ ಓಣಿಗೆ ಅವರು ಬಂದದ್ದು ಹೊತ್ತು ಮುಳುಗುವ ಮೊದಲೇ. ಟ್ರ್ಯಾಕ್ಟರಿನ ಸದ್ದಿಗೆ ಹೊರಗೆ ಬಂದ ಗೊಲ್ಲಾಳಮ್ಮ ಟ್ರಾಲಿ ತುಂಬ ಜನರನ್ನು ನೋಡಿ ಬೀಗರೇ ಬಂದರೆಂದು ಸೆರಗು ಸರಿಮಾಡಿಕೊಂಡು ಓಡಿ ಬಂದಳು. ಹಿಂದೆ ವ್ಯಾನು ಕಂಡ ಮೇಲೆ ಸೊಂಟದ ಮೇಲೆ ಕೈ ಇಟ್ಟಳು.

"ಗುಡ್ಡ ಕಾಣಾಕತ್ತಾವ ಅಂದಿದ್ದಲ್ಲಪಾ? ಯಾವ ಗುಡ್ಡ?"

ಅಬ್ರಾರ ಗಾದಿ ಹೊತ್ತುಕೊಂಡು ಅದರ ಹಿಂದೆ ಮುಖ ಮರೆಸಿಕೊಂಡ. ಮೆಣಸಿನಕಾಯಿಯ ಹೆಣ್ಣುಮಕ್ಕಳೆಲ್ಲ ಇಳಿದು ಕೈ ಹಚ್ಚಿದರು. ದಿಂಬುಗಳು ಒಬ್ಬರ ಕೈಯಿಂದ ಒಬ್ಬರ ಕೈಗೆ ಹಾರಿ ಒಳಗೆ ಹೋದವು. ಗೊಲ್ಲಾಳಮ್ಮ ಯಾರನ್ನೂ ಹಾಗೇ ಬಿಡಲಿಲ್ಲ. ಅಂಗಳದಲ್ಲೇ ಕೂರಿಸಿ ಮಂಡಕ್ಕಿ ನೆನೆಸಿ ಮಾಡಿದ ಮಂಡಾಳ ಒಗ್ಗರಣೆ, ಚಹಾ ಕೊಟ್ಟಳು. ಒಂದು ಗಾದಿಯ ಮೇಲೆ ಹನುಮಮ್ಮ ಕೂತು, ಒತ್ತಿ ನೋಡಿ, ಮೊಮ್ಮಗಳ ಮದುವೆಗೆ ಇಂಥದ್ದೇ ಬೇಕು ಎಂದಳು. ಮೊಮ್ಮಗಳಿಗೆ ಎಷ್ಟು ವಯಸ್ಸು ಎಂದು ಫರ್ಹೀನ್ ಕೇಳಿದಳು. ಇನ್ನೂ ಅಂಗನವಾಡಿಗೆ ಹೋಗುತ್ತಾಳೆ ಎಂದಳು ಹನುಮಮ್ಮ.

ಚಹಾ ಕುಡಿಯುತ್ತಿರುವಾಗಲೇ ಓಣಿಯ ತುದಿಯಲ್ಲಿ ಬೈಕು ಕಾಣಿಸಿತು. ಅಯಾಜನ ಬೈಕು. ಹಿಂದೆ ಲಾಡ್ಲೇಸಾಬ. ತಲೆಯ ಮೇಲೆ ಟೋಪಿ ಇರಲಿಲ್ಲ, ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಹೆಂಡತಿಯದು. "ವ್ಯಾನು ಸುಟ್ಟಾದ" ಎಂದು ಅಯಾಜ್ ಫೋಟೋ ಸಮೇತ ಹೋಗಿ ಹೇಳಿದ್ದ. ಮಕ್ಕಳಿಗೆ ಏನಾಗಿದೆ ಎಂದು ಕೇಳಿದರೆ, ತಾನು ಹೊರಡುವಾಗ ಚೆನ್ನಾಗಿಯೇ ಇದ್ದರು ಎಂದಿದ್ದ.

ಲಾಡ್ಲೇಸಾಬ ಬೈಕಿನಿಂದ ಇಳಿಯಲಾರದೆ ಇಳಿದ. ಎದುರಿಗೆ ಮಂಡಾಳ ತುಂಬಿದ ಬಾಯಿಯ ಇಬ್ಬರು ಮಕ್ಕಳು ನಿಂತಿದ್ದರು. ಅವನು ಮಗಳ ತಲೆ ಮುಟ್ಟಿದ, ಮಗನ ಭುಜ ಮುಟ್ಟಿದ, ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಗೋಡೆ ಹಿಡಿದು ಕೂತುಬಿಟ್ಟ. ಫರ್ಹೀನಳಿಗೆ ಆಗ ಅಳು ಬಂತು. ಬೈಯುತ್ತಾರೆಂದು ಇಡೀ ದಾರಿ ಹೆದರಿದ್ದಳು. ಅಪ್ಪ ಹೀಗೆ ಮಾತೇ ಇಲ್ಲದೆ ಕೂರುತ್ತಾರೆಂದು ಎಣಿಸಿರಲಿಲ್ಲ.

"ಅಬ್ಬಾ, ಪೈಪು ಒಡೆದಿತ್ತು. ಭಾಯಿದು ಏನೂ ತಪ್ಪಿಲ್ಲ" ಎಂದಳು.

"ಫರ್ಹೀನಂದೂ ಇಲ್ಲ ಅಬ್ಬಾ. ಚಂದ ಹೊಡದಾಳ" ಎಂದ ಅಬ್ರಾರ.

ಚಹಾದ ಹೊತ್ತಿಗೆ ಎಲ್ಲ ಕೇಳಿ ತಿಳಿದಿದ್ದ ಹನುಮಮ್ಮ ಹೊರಡಲು ಟ್ರಾಲಿ ಹತ್ತಿ ಮೇಲಿನಿಂದಲೇ ಕೂಗಿದಳು. "ಸಾಹೇಬ್ರ, ನಿಮ್ಮ ಮಗ ಗಾಜು ತೊಳಿಯೋ ಡಬ್ಬಿಗಿ ನೀರು ಹಾಕ್ಯಾನ. ನಿಮ್ಮ ಮಗಳು ಸೀಟು ಬಿಸಿ ಅದ ಅಂದ್ರ ಕೇಳಿಲ್ಲ. ಇಬ್ಬರಿಗೂ ಬೈಬ್ಯಾಡ್ರಿ, ಭಾಳ ಚಲೋ ಹುಡುಗ್ರು!"

ಟ್ರ್ಯಾಕ್ಟರು ಹೊರಟಿತು. ಓಣಿ ತಿರುಗುವ ತನಕ ಭಾಗ್ಯ ಗಾಳಿಯಲ್ಲಿ ಸ್ಟೀರಿಂಗು ತಿರುಗಿಸುತ್ತಲೇ ಇದ್ದಳು.

ಲಾಡ್ಲೇಸಾಬ ಇಬ್ಬರನ್ನೂ ದಿಟ್ಟಿಸಿ ನೋಡಿದ. ಬೈಯಲು ಬಾಯಿ ತೆರೆದನೋ ಏನೋ, ಅಷ್ಟರಲ್ಲಿ ಗೊಲ್ಲಾಳಮ್ಮ ಕರೆಸಿದ್ದ ಮೆಕ್ಯಾನಿಕ್ ಅಬ್ದುಲ್ ಕರೀಮ ಬಂದ. ಲಾಡ್ಲೇಸಾಬನ ಹಳೆಯ ಪರಿಚಯದವನು. ವ್ಯಾನಿನ ಅಡಿ ಬಗ್ಗಿ ನೋಡಿ ಎದ್ದು, "ಲಾಡ್ಲೇ ಭಾಯಿ, ಈ ಪೈಪು ಇನ್ನೂ ಬದಲಿಸಿಲ್ಲೇನು? ಹೋದ ರಂಜಾನಕ್ಕ ಹೇಳಿದ್ದೆನಲ್ಲ" ಎಂದ.

ಲಾಡ್ಲೇಸಾಬ ತೆರೆದ ಬಾಯಿಯಿಂದ ಕೆಮ್ಮಿದ. ಸೊಂಟ ನೋಯುತ್ತಿದೆ ಎಂದ. ಚಹಾ ಇದೆಯೇ ಎಂದು ಕೇಳಿದ. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಗು ತಡೆಯುವುದು ಸಾಧ್ಯವಿರಲಿಲ್ಲ.

ಹೊಸ ಪೈಪು ಮರುದಿನವೇ ಸಿಗುವುದೆಂದು ವ್ಯಾನನ್ನು ಅಲ್ಲಿಯೇ ಬಿಟ್ಟು ಮೂವರೂ ಶಹಾಪುರದ ಬಸ್ಸು ಹಿಡಿದರು. ಲಾಡ್ಲೇಸಾಬನಿಗೆ ಮುಂದೆ ಸೀಟು ಸಿಕ್ಕಿತು. ಮಕ್ಕಳಿಬ್ಬರೂ ಹಿಂದೆ ಕಂಬಿ ಹಿಡಿದು ನಿಂತರು.

"ಟ್ರಾಲಿಯಾಗ ಏನು ಕೇಳಿದ್ರು ನಿನಗ?" ಎಂದಳು ಫರ್ಹೀನ್.

"ಏನು ಕೇಳಿಲ್ಲ ಹೇಳು. ಯಾಕ ಫೇಲಾದಿ, ಎಲ್ಲಿ ತಾಗಿಸಿದಿ, ಹಿಂದ ಹೋಗಂದ್ರ ಮುಂದ ಯಾಕ ಹೋದಿ. ಆ ಭಾಗ್ಯ ಅನ್ನಾಕಿ ನನ್ನ ಹಂಗ ಮಾಡಿ ತೋರಿಸಿದ್ಲು. ನನಗೇ ನಗು ಬಂತು." ಕಂಬಿಯ ಮೇಲಿನ ಕೈ ಬದಲಿಸಿದ. "ಅಷ್ಟು ಮಂದಿ ಕೂಡಿ ನೋಡಿ ನಕ್ರಲ್ಲ. ಇನ್ನ ಯಾದಗಿರಿ ಇನ್ಸ್‌ಪೆಕ್ಟರ್ ಒಬ್ಬರು ನೋಡಿದ್ರ ಏನಾಗ್ತದ? ಸೋಮವಾರ ಮತ್ತ ಅರ್ಜಿ ಹಾಕ್ತೀನಿ."

ಫರ್ಹೀನ್ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಅಷ್ಟು ದೂರ ಗಾಡಿ ನಡೆಸಿದ್ದಕ್ಕಿಂತ ಈ ಮಾತು ಕಷ್ಟವಾಯಿತು. "ಭಾಯಿ, ನನಗ ಗಾಡಿ ಕಲಿಸಿದಾವ ನೀನೇ. ಕುರಿ ಬಂದಾಗ ನೀ ಹೇಳಿದ್ದೇ ನೆನಪಾಯ್ತು, ಕಣ್ಣು ಮುಚ್ಚಬ್ಯಾಡ, ಬ್ರೇಕ್ ಹಿಡಿ ಅಂತ."

"ಏನು?" ಎಂದ ಅಬ್ರಾರ. "ಬಸ್ಸಿನ ಸಪ್ಪಳಕ್ಕ ಕೇಳಿಸಲಿಲ್ಲ."

ಕೇಳಿಸಿದೆ ಎಂದು ಅವನ ಮುಖವೇ ಹೇಳುತ್ತಿತ್ತು. ಆದರೂ ಅವಳು ಬಾಗಿ ಜೋರಾಗಿ ಕೂಗಿದಳು. "ನನಗ ಗಾಡಿ ಕಲಿಸಿದಾವ ನೀನೇ ಅಂದೆ!"

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಂದಿನ ಸೀಟಿನಿಂದ ಲಾಡ್ಲೇಸಾಬನೂ ಸೊಂಟ ಹಿಡಿದುಕೊಂಡೇ ಮೆಲ್ಲಗೆ ಹಿಂದಕ್ಕೆ ತಿರುಗಿದ.

"ಯಾವಾಗ? ಎಲ್ಲಿ?" ಎಂದ. "ಆ ಗೋಡಿಗಿ ಗಾಡಿ ತಾಗಿಸಿದವರು ಯಾರು ಹಂಗಾದ್ರ?"